ಬಣ್ಣದ ಬೆಳಕು ಮತ್ತು ಮೆಣಸಿನ ಅಗಿ

(ಬಳ್ಳಾರಿ ಜಿಲ್ಲೆಯ ನರ್ಸರಿ ನಡೆಸುವವರು ಮತ್ತು ಮೆಣಸಿನಕಾಯಿ ಬೆಳೆಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೇಜಿನ ಮೇಲಿರುವ ಈ ಟ್ರೇಯನ್ನು ಒಮ್ಮೆ ಸರಿಯಾಗಿ ನೋಡಿ. 98 ಗುಳಿಯ ಟ್ರೇ, ಬ್ಯಾಡಗಿ ಮೆಣಸಿನ ಅಗಿ (ನಾಟಿಗೆಂದು ಬೆಳೆಸಿದ ಎಳೆ ಸಸಿ), ಬಿತ್ತಿ 32 ದಿನ ಆಗಿದೆ. ಅಂಚಿನ ಸಾಲಿನ ಸಸಿಗಳು ಗಿಡ್ಡಗಿವೆ, ಕಾಂಡ ಗಟ್ಟಿ, ಎಲೆ ದಟ್ಟ ಹಸಿರು. ನಡುವಿನ ಸಸಿಗಳು ಅವಕ್ಕಿಂತ ಎರಡು ಬೆರಳು ಎತ್ತರ. ಆದರೆ ಕಾಂಡ ಪೆನ್ನಿನ ರೀಫಿಲ್‌ನಷ್ಟು ಸಣ್ಣ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಜಾಸ್ತಿ. ಮೇಲೆ ಅಂಗೈ ಆಡಿಸಿದರೆ ಅಂಚಿನವು ಪುಟಿದು ನಿಲ್ಲುತ್ತವೆ, ನಡುವಿನವು ಬಾಗಿದಲ್ಲೇ ಉಳಿಯುತ್ತವೆ.

ಬೀಜ ಒಂದೇ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದೇ, ನೀರು ಒಂದೇ. ಹಾಗಿದ್ದೂ ಏಕೆ ಈ ವ್ಯತ್ಯಾಸ? ನಡುವಿನ ಸಸಿಗೆ ಬೆಳಕು ಕಡಿಮೆ ಸಿಕ್ಕಿತು ಎನ್ನುವುದು ಎಲ್ಲರೂ ಕೊಡುವ ಉತ್ತರ. ಅದು ಅರ್ಧ ಸತ್ಯ ಮಾತ್ರ. ಒಂದರ ಎಲೆ ಇನ್ನೊಂದರ ಮೇಲೆ ನೆರಳು ಚೆಲ್ಲುವುದಕ್ಕೆ ಎಷ್ಟೋ ದಿನ ಮೊದಲೇ ನಡುವಿನ ಸಸಿಗಳು ಉದ್ದವಾಗಲು ಶುರುವಿಟ್ಟಿರುತ್ತವೆ. ಪಕ್ಕದಲ್ಲಿ ಇನ್ನೊಂದು ಗಿಡ ಇದೆ ಎಂಬುದು ಅವಕ್ಕೆ ಬೆಳಕಿನ ಬಣ್ಣದಿಂದ ಗೊತ್ತಾಗಿರುತ್ತದೆ. ಗಿಡಕ್ಕೆ ಬೆಳಕಿನ ಪ್ರಮಾಣ ಊಟವಾದರೆ, ಬೆಳಕಿನ ಬಣ್ಣ ಸುದ್ದಿ. ಇವೆರಡನ್ನೂ ಕಲಸಿ ಒಂದೇ ಮಾಡಿಕೊಂಡಿರುವುದರಿಂದಲೇ ನೆರಳಿನ ನೆಟ್ (ಶೇಡ್ ನೆಟ್) ಕೊಳ್ಳುವಾಗ, ದೀಪ ಕೊಳ್ಳುವಾಗ ದುಡ್ಡು ಹಾಳಾಗುತ್ತಿದೆ.

ಮೊದಲು ಊಟದ ವಿಷಯ. ಸೂರ್ಯನ ಬೆಳಕಿನಲ್ಲಿ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಭಾಗವನ್ನು ಎಲೆ ಆಹಾರ ತಯಾರಿಕೆಗೆ ಬಳಸುತ್ತದೆ. 400–500 ನೀಲಿ, 500–600 ಹಸಿರು ಹಳದಿ, 600–700 ಕೆಂಪು. ಜರ್ಮನಿಯ ವಿಜ್ಞಾನಿ ಥಿಯೋಡೋರ್ ಎಂಗೆಲ್ಮನ್ 1882ರಲ್ಲಿ ಇದನ್ನು ಬಹಳ ಚೆಂದಾಗಿ ತೋರಿಸಿದರು. ಸೂಕ್ಷ್ಮದರ್ಶಕದ ಅಡಿ ಒಂದು ಪಾಚಿಯ ಎಳೆ ಇಟ್ಟು, ಅದರ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣಗಳು ಬೀಳುವಂತೆ ಮಾಡಿದರು. ಅದೇ ನೀರಿನಲ್ಲಿ ಆಮ್ಲಜನಕ ಹುಡುಕಿ ಹೋಗುವ ಬ್ಯಾಕ್ಟೀರಿಯಾ ಬಿಟ್ಟರು. ಅವು ಎಳೆಯ ಕೆಂಪು ಭಾಗದಲ್ಲಿ ಮತ್ತು ನೀಲಿ ಭಾಗದಲ್ಲಿ ಬಂದು ಮುತ್ತಿಕೊಂಡವು, ಹಸಿರಿನಲ್ಲಿ ವಿರಳವಾಗಿದ್ದವು. ಆಹಾರ ತಯಾರಾಗುವಾಗ ಆಮ್ಲಜನಕ ಹೊರಬರುತ್ತದೆ; ಆದ್ದರಿಂದ ಯಾವ ಬಣ್ಣದಲ್ಲಿ ಕೆಲಸ ಹೆಚ್ಚು ನಡೆಯುತ್ತಿದೆ ಎಂಬುದಕ್ಕೆ ಬ್ಯಾಕ್ಟೀರಿಯಾಗಳೇ ಸಾಕ್ಷಿ.

ಇದರಿಂದ ಹುಟ್ಟಿದ ತಪ್ಪು ತಿಳಿವಳಿಕೆ ಇವತ್ತಿಗೂ ನಡೆದುಬಂದಿದೆ: ಹಸಿರು ಬೆಳಕು ಗಿಡಕ್ಕೆ ದಂಡ ಎಂಬುದು. ತೆಳು ಪಾಚಿಯ ಎಳೆಗೆ ಅದು ಹೊಂದೀತು, ದಪ್ಪ ಎಲೆಗೆ ಹೊಂದದು. ಬೆಳೆಯ ಎಲೆ ತನ್ನ ಮೇಲೆ ಬಿದ್ದ ಹಸಿರು ಬೆಳಕಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬರುವುದು ಉಳಿದ ಸ್ವಲ್ಪ ಮಾತ್ರ. ಕೆಂಪು ಮತ್ತು ನೀಲಿ ಎಲೆಯ ಮೇಲ್ಪದರದಲ್ಲೇ ಮುಗಿದುಹೋದರೆ, ಹಸಿರು ಒಳಪದರದವರೆಗೂ, ಕೆಳಗಿನ ಎಲೆಯವರೆಗೂ ಇಳಿಯುತ್ತದೆ. ಮೆಕ್ರೀ ಎಂಬ ವಿಜ್ಞಾನಿ 22 ಬೆಳೆಗಳ ಎಲೆಗಳನ್ನು ಒಂದೊಂದೇ ಬಣ್ಣದಲ್ಲಿ ಅಳೆದು 1972ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲೂ ಕೆಂಪು ಮುಂದೆ ಇದೆ, ಆದರೆ ಹಸಿರು ಸೊನ್ನೆಯ ಹತ್ತಿರಕ್ಕೂ ಬಂದಿಲ್ಲ.

ಇನ್ನು ಸುದ್ದಿಯ ವಿಷಯ. ಕೆಂಪಿನ ಆಚೆಗೆ, 700ರಿಂದ 800 ನ್ಯಾನೋಮೀಟರ್ ನಡುವೆ, ನಮ್ಮ ಕಣ್ಣಿಗೆ ಬಹುತೇಕ ಕಾಣದ ಬೆಳಕಿದೆ. ಅದನ್ನು ದೂರಗೆಂಪು ಎನ್ನೋಣ. ಎಲೆ ಕೆಂಪನ್ನು ನುಂಗುತ್ತದೆ, ದೂರಗೆಂಪನ್ನು ಹಾಗೇ ಬಿಡುತ್ತದೆ ಅಥವಾ ಪಕ್ಕಕ್ಕೆ ತಳ್ಳುತ್ತದೆ. ಬಯಲಿನ ಬಿಸಿಲಿನಲ್ಲಿ ಕೆಂಪು ಮತ್ತು ದೂರಗೆಂಪು ಹೆಚ್ಚುಕಡಿಮೆ ಸಮ. ದಟ್ಟ ಎಲೆಯ ಕೆಳಗೆ ಕೆಂಪು ಒಂದು ಪಾಲು ಇದ್ದರೆ ದೂರಗೆಂಪು ಐದರಿಂದ ಹತ್ತು ಪಾಲು. ಗಿಡದಲ್ಲಿ ಫೈಟೊಕ್ರೋಮ್ ಎಂಬ ವರ್ಣಕ ಇದೆ. 660ರ ಕೆಂಪು ಬಿದ್ದರೆ ಅದು ಒಂದು ರೂಪಕ್ಕೆ ತಿರುಗುತ್ತದೆ, 730ರ ದೂರಗೆಂಪು ಬಿದ್ದರೆ ಹಿಂದಿನ ರೂಪಕ್ಕೆ ಬರುತ್ತದೆ. ಮನೆಯ ಸ್ವಿಚ್ಚಿನ ಹಾಗೆ.

ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಜೊತೆಗಾರರು 1952ರಲ್ಲಿ ಇದನ್ನು ಲೆಟಿಸ್ ಬೀಜದ ಮೇಲೆ ಕಂಡುಕೊಂಡರು. ನೆನೆದ ಬೀಜಕ್ಕೆ ಕೆಂಪು ತೋರಿಸಿದರೆ ಮೊಳಕೆ, ಆಮೇಲೆ ದೂರಗೆಂಪು ತೋರಿಸಿದರೆ ಮೊಳಕೆ ಇಲ್ಲ, ಮತ್ತೆ ಕೆಂಪು ತೋರಿಸಿದರೆ ಮತ್ತೆ ಮೊಳಕೆ. ಎಷ್ಟು ಸಲ ಬದಲಿಸಿದರೂ ಕೊನೆಗೆ ಬಿದ್ದ ಬಣ್ಣದ ಮಾತೇ ನಡೆಯುತ್ತದೆ.

ಮೆಣಸಿನ ಅಗಿ ಇದೇ ಸ್ವಿಚ್ಚಿನಿಂದ ನೆರೆಯವರನ್ನು ಗುರುತಿಸುತ್ತದೆ. ಪಕ್ಕದ ಎಲೆಯಿಂದ ಚಿಮ್ಮಿದ ದೂರಗೆಂಪು ಕಾಂಡಕ್ಕೆ ಬಿದ್ದರೆ ಸಾಕು, ಇನ್ನು ಸ್ವಲ್ಪ ದಿನಕ್ಕೆ ನೆರಳು ಬರುತ್ತದೆ, ಮೇಲೇಳಬೇಕು ಎಂದು ಗಿಡ ತೀರ್ಮಾನಿಸುತ್ತದೆ. ಬೇರಿಗೆ, ಕವಲಿಗೆ ಹೋಗಬೇಕಾದ ಶಕ್ತಿ ಕಾಂಡದ ಉದ್ದಕ್ಕೆ ಹೋಗುತ್ತದೆ. 98 ಗುಳಿಯ ಟ್ರೇಯಲ್ಲಿ ಗಿಡದಿಂದ ಗಿಡಕ್ಕೆ ಸುಮಾರು 3.8 ಸೆಂಟಿಮೀಟರ್ ಅಂತರ. ಮೂರನೇ ವಾರದವರೆಗೆ ಅದು ಸಾಕು. ಅಲ್ಲಿಂದ ಮುಂದೆ ಟ್ರೇಗಳನ್ನು ಒತ್ತೊತ್ತಾಗಿ ಜೋಡಿಸದೆ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಖರ್ಚಿಲ್ಲದ ಕೆಲಸ. ಅಂಚಿನ ಸಾಲುಗಳ ಸಸಿ ಅಷ್ಟರಲ್ಲೇ ಗಟ್ಟಿಯಾಗುತ್ತದೆ. ಮಳೆ ತಡವಾಗಿ, ಕಾಲುವೆಗೆ ನೀರು ಬರುವುದು ತಡವಾಗಿ, ರೈತರು ಅಗಿ ಒಯ್ಯುವುದನ್ನು 50 ದಿನಕ್ಕೆ ಮುಂದೂಡುವ ವರ್ಷಗಳಲ್ಲಿ ಈ ಜಾಗವೇ ನಿಮ್ಮನ್ನು ಕಾಪಾಡುವುದು.

ಈಗ ನಿಮ್ಮ ನರ್ಸರಿಯಲ್ಲಿ ಬೆಳಕು ಕೈಕೊಡುವ ಮೊದಲ ಜಾಗಕ್ಕೆ ಬರೋಣ. ಅದು ಶೇಡ್ ನೆಟ್ ಅಲ್ಲ, ಅದಕ್ಕೂ ಹಿಂದಿನ ಹಂತ. ಬಿತ್ತಿದ ಟ್ರೇಗಳನ್ನು ಹತ್ತರ ಮೇಲೆ ಹತ್ತು ಪೇರಿಸಿ, ಕಪ್ಪು ಪಾಲಿಥಿನ್ ಹೊದಿಸಿ ಕಾವು ಕೊಡುತ್ತೀರಿ. ಸರಿಯಾದ ಪದ್ಧತಿ, ಮೆಣಸಿನ ಬೀಜಕ್ಕೆ ಮೊಳೆಯಲು ಬೆಳಕು ಬೇಡ, ಬಿಸಿ ಮತ್ತು ತೇವ ಬೇಕು. ಆದರೆ ಕೊಕೊಪೀಟ್ ಸೀಳಿ ಬಿಳಿ ಕೊಕ್ಕೆಯ ಹಾಗೆ ಮೊಳಕೆಯ ಬೆನ್ನು ಕಂಡ ಆ ದಿನವೇ ಟ್ರೇ ಹರಡಬೇಕು. ಕತ್ತಲಲ್ಲಿ ಮೊಳಕೆಗೆ ತಾನಿನ್ನೂ ಮಣ್ಣಿನೊಳಗೇ ಇದ್ದೇನೆ ಎಂಬ ಲೆಕ್ಕ. ಹಾಗಾಗಿ ಬೀಜದೆಲೆ ಬಿಚ್ಚದೆ ಕಾಂಡವನ್ನು ಮಾತ್ರ ಎಳೆಯುತ್ತಾ ಹೋಗುತ್ತದೆ. ಒಂದು ದಿನ ತಡವಾದರೆ ಬೀಜದೆಲೆಯ ಕೆಳಗಿನ ಕಾಂಡ ಉದ್ದವಾಗಿಬಿಡುತ್ತದೆ, ಆ ಉದ್ದ ಮತ್ತೆ ಕುಗ್ಗುವುದಿಲ್ಲ. ನಾಲ್ಕನೇ ದಿನದಿಂದ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಪಾಲಿಥಿನ್ ಎತ್ತಿ ನೋಡಿ. ಪೇರಿಕೆಯ ನಡುವಿನ ಟ್ರೇಯಲ್ಲಿ ಕಾವು ಜಾಸ್ತಿ, ಅದು ಮೊದಲು ಮೊಳೆಯುತ್ತದೆ. ಮೇಲಿನದನ್ನಷ್ಟೇ ನೋಡಿ ಇನ್ನೂ ಆಗಿಲ್ಲ ಎಂದು ಮುಚ್ಚಿದರೆ ಕೆಟ್ಟಿತು.

ಹೀಗೆ ಉದ್ದವಾದ ಅಗಿಯನ್ನು ಟೊಮೆಟೊ ಹಾಗೆ ಆಳಕ್ಕೆ ನೆಟ್ಟರಾಯಿತು ಎನ್ನುವವರಿದ್ದಾರೆ. ಟೊಮೆಟೊ ಕಾಂಡ ಮಣ್ಣಿನಲ್ಲಿ ಹೊಸ ಬೇರು ಬಿಡುತ್ತದೆ. ಮೆಣಸು ಅಷ್ಟು ಸಲೀಸಾಗಿ ಬಿಡುವುದಿಲ್ಲ. ನೀರು ಹಿಡಿದಿಡುವ ನಮ್ಮ ಎರೆ ಭೂಮಿಯಲ್ಲಿ ಹೂತ ಎಳೆಯ ಕಾಂಡ ಬುಡ ಕೊಳೆಯುತ್ತದೆ.

ಶೇಡ್ ನೆಟ್‌ಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಮೊಬೈಲ್‌ನಲ್ಲಿ ಲಕ್ಸ್, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ಅಳತೆ, ತೋರಿಸುವ ಆ್ಯಪ್ ಸಿಗುತ್ತದೆ. ಮೊಬೈಲನ್ನು ಸಸಿಯ ತುದಿಯ ಎತ್ತರಕ್ಕೆ, ಪರದೆ ಮೇಲ್ಮುಖವಾಗಿ ಹಿಡಿಯಿರಿ. ನೂರಕ್ಕೆ ನೂರು ನಿಖರ ಅಲ್ಲ, ಆದರೆ ಒಳಗೆ ಎಷ್ಟು, ಹೊರಗೆ ಎಷ್ಟು ಎಂದು ಹೋಲಿಸಲು ಸಾಕು. ಬಯಲಿನ ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. 50 ಪರ್ಸೆಂಟ್ ನೆಟ್ ಅರ್ಧ ತಡೆಯುತ್ತದೆ, ಪಕ್ಕದಲ್ಲಿ ಮತ್ತು ಮೇಲೆ ಕಟ್ಟಿದ 40 ಮೆಶ್ (ಇಂಚಿಗೆ 40 ರಂಧ್ರ) ಕೀಟ ಪರದೆ ಉಳಿದುದರಲ್ಲಿ ಐದನೇ ಒಂದು ಪಾಲು. 40,000 ಲಕ್ಸ್ ಸಸಿಗೆ ತಲುಪುತ್ತದೆ. ಏಪ್ರಿಲ್, ಮೇ ತಿಂಗಳಿಗೆ ಅದು ಧಾರಾಳ. ಆದರೆ ಮೆಣಸಿನ ಅಗಿಯ ಹಂಗಾಮು ಜೂನ್‌ನಿಂದ ಆಗಸ್ಟ್. ದಟ್ಟ ಮೋಡ ಕವಿದ ದಿನ ಹೊರಗೇ 20,000 ಲಕ್ಸ್ ಇದ್ದರೆ ಒಳಗೆ 8,000. ಸೂರ್ಯನ ಬೆಳಕಿನಲ್ಲಿ ಲಕ್ಸ್ ಅನ್ನು 54ರಿಂದ ಭಾಗಿಸಿದರೆ ಗಿಡದ ಲೆಕ್ಕದ ಮೈಕ್ರೊಮೋಲ್ (ಬೆಳಕಿನ ಕಣಗಳ ಎಣಿಕೆ; ಹತ್ತು ಲಕ್ಷ ಮೈಕ್ರೊಮೋಲ್ ಸೇರಿದರೆ ಒಂದು ಮೋಲ್) ಬರುತ್ತದೆ: ಸೆಕೆಂಡಿಗೆ, ಚದರ ಮೀಟರಿಗೆ 148. ಹತ್ತು ಗಂಟೆ ಹೀಗೇ ಇದ್ದರೂ ದಿನದ ಒಟ್ಟು 5.3 ಮೋಲ್. ಒಳ್ಳೆಯ ತರಕಾರಿ ಸಸಿಗೆ ದಿನಕ್ಕೆ 10ರಿಂದ 15 ಮೋಲ್ ಬೇಕು. ಅಂದರೆ ಅರ್ಧ ಹೊಟ್ಟೆ. ಇದರ ಮೇಲೆ ಲಾರಿ ಓಡಾಡುವ ರಸ್ತೆ ಪಕ್ಕದ ನರ್ಸರಿಯಲ್ಲಿ ಧೂಳು ಕೂತ ನೆಟ್ ಇನ್ನಷ್ಟು ಕಸಿಯುತ್ತದೆ.

ಆಗ ಎಲೆ ತಿಳಿಯಾಗುತ್ತದೆ. ಎಲೆ ತಿಳಿಯಾಯಿತೆಂದು 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿ ಇರುವಂಥದ್ದು) ಸಿಂಪಡಿಸುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟ ತಪ್ಪು. ಬೆಳಕಿಲ್ಲದೆ ಸಕ್ಕರೆ ತಯಾರಾಗದ ಸಸಿಗೆ ಸಾರಜನಕ ಸುರಿದರೆ ಅಂಗಾಂಶ ಮೆತ್ತಗಾಗುತ್ತದೆ, ಕಾಂಡ ಇನ್ನೂ ಎಳೆದುಕೊಳ್ಳುತ್ತದೆ, ಬುಡ ಕೊಳೆ ರೋಗಕ್ಕೆ ಬಾಗಿಲು ತೆರೆದಂತೆ. ಮೋಡದ ವಾರದಲ್ಲಿ ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ, ನೆಟ್ ಸರಿಸಿ. ಸರಿಸಲು ಬರುವಂತೆ ನೆಟ್ಟನ್ನು ತಂತಿಯ ಮೇಲೆ ಬಳೆ ಹಾಕಿ ಕಟ್ಟಿಸಿಕೊಳ್ಳುವುದು ಮೊದಲ ದಿನದ ಕೆಲಸ. ಕಂಬಕ್ಕೆ ಬಿಗಿದು ಹೊಲಿದ ನೆಟ್ ಮಳೆಗಾಲದಲ್ಲಿ ನಿಮ್ಮ ಮಾತು ಕೇಳುವುದಿಲ್ಲ. ಕೀಟ ಪರದೆಯನ್ನು ಮಾತ್ರ ಸರಿಸಬೇಡಿ, ಬಿಳಿ ನೊಣ ಮತ್ತು ಥ್ರಿಪ್ಸ್ ಒಳಗೆ ಬಂದರೆ ಮುರುಟು ರೋಗ ಅಗಿಯ ಜೊತೆಗೇ ಹೊಲಕ್ಕೆ ಹೋಗುತ್ತದೆ. ಹೊಸದಾಗಿ ಕೊಳ್ಳುವವರಿಗೆ ಮುಂಗಾರಿಗೆ 35 ಪರ್ಸೆಂಟ್ ನೆಟ್ ಸಾಕು.

ನೆಟ್ಟಿನ ಬಣ್ಣ ಯಾವುದಿರಬೇಕು? ಈ ಭಾಗದಲ್ಲಿ ಎಲ್ಲಿ ನೋಡಿದರೂ ಹಸಿರು ನೆಟ್. ಗಿಡ ಹಸಿರು, ನೆಟ್ ಹಸಿರು, ಹೊಂದುತ್ತದೆ ಎಂಬ ಭಾವನೆ. ನಿಜದಲ್ಲಿ ಅಗಿಗೆ ಅದು ಅಷ್ಟು ಒಳ್ಳೆಯ ಆಯ್ಕೆಯಲ್ಲ. ಕಪ್ಪು ದಾರ ಎಲ್ಲ ಬಣ್ಣವನ್ನೂ ನುಂಗುತ್ತದೆ. ರಂಧ್ರದಿಂದ ಇಳಿದದ್ದು ಅಪ್ಪಟ ಬಿಸಿಲು, ಪ್ರಮಾಣ ಮಾತ್ರ ಕಡಿಮೆ. ಹಸಿರು ದಾರ ಕೆಂಪು, ನೀಲಿ ನುಂಗಿ ಹಸಿರನ್ನೂ ದೂರಗೆಂಪನ್ನೂ ಬಿಟ್ಟುಕೊಡುತ್ತದೆ. ಅಂದರೆ ಎಲೆಯ ಹಾಗೇ ವರ್ತಿಸುತ್ತದೆ. ಸಸಿಗೆ ಮರದ ಕೆಳಗೆ ಇದ್ದೇನೆಂಬ ಸುದ್ದಿ ಸಣ್ಣ ದನಿಯಲ್ಲಿ ದಿನವಿಡೀ ಬರುತ್ತಿರುತ್ತದೆ. ಬಿಳಿ ನೆಟ್ ಬೆಳಕನ್ನು ಚದುರಿಸುತ್ತದೆ, ಕೆಳಗಿನ ಎಲೆಗೂ ತಲುಪಿಸುತ್ತದೆ. ಅಗಿಗೆ ನಮ್ಮ ಸಲಹೆ ಬಿಳಿ, ಇಲ್ಲವೇ ಕಪ್ಪು. ಕಪ್ಪು ನೆಟ್ ಬಿಸಿಲಿಗೆ ಬಿಸಿಯೇರುತ್ತದೆ, ಹಾಗಾಗಿ ಹತ್ತು ಅಡಿಗಿಂತ ಎತ್ತರಕ್ಕೆ ಕಟ್ಟಬೇಕು. ಇಸ್ರೇಲಿನಲ್ಲಿ ಕೆಂಪು, ಹಳದಿ, ನೀಲಿ, ಮುತ್ತಿನ ಬಣ್ಣದ ನೆಟ್‌ಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆದಿದೆ. ಅಲಂಕಾರಿಕ ಎಲೆಗಿಡಗಳಲ್ಲಿ ಕೆಂಪು, ಹಳದಿ ನೆಟ್ ಬೆಳವಣಿಗೆ ಹೆಚ್ಚಿಸಿದರೆ ನೀಲಿ ನೆಟ್ ಗಿಡವನ್ನು ಗಿಡ್ಡಗಿಟ್ಟಿತು. ನಮ್ಮ ಬೆಳೆಗೆ, ನಮ್ಮ ಬಿಸಿಲಿಗೆ ಅದನ್ನು ಹಾಗೇ ತಂದು ಹಾಕಬಾರದು. ಮೊದಲು ಒಂದು ಗಜ ಹಸಿರು, ಒಂದು ಗಜ ಬಿಳಿ ನೆಟ್ ತಂದು, ಲಕ್ಸ್ ಸಮ ಇರುವಂತೆ ನೋಡಿಕೊಂಡು, ಎರಡೆರಡು ಟ್ರೇ ಮೇಲೆ ಹದಿನೈದು ದಿನ ಕಟ್ಟಿ. ಟ್ರೇಯ ನಡುವಿನ ಹತ್ತು ಸಸಿಗಳ ಎತ್ತರ ಅಳೆಯಿರಿ, ಬೇರಿನ ಮುದ್ದೆ ತೊಳೆದು ನೋಡಿ.

ದೀಪದ ವಿಷಯಕ್ಕೆ ಬಂದರೆ ಎಲ್ಲರೂ ಕೇಳುವುದು ಆ ಗುಲಾಬಿ ಬಣ್ಣದ ಎಲ್‌ಇಡಿ ಬಗ್ಗೆ. ಅದರಲ್ಲಿ 450ರ ನೀಲಿ ಮತ್ತು 660ರ ಕೆಂಪು ಎರಡೇ ಇರುತ್ತವೆ. ಗಿಡ ಬೆಳೆಯುವುದು ನಿಜ. ಒಂದೇ ಕೆಂಪಿನಲ್ಲಿ ಬೆಳೆಸಿದರೆ ಕಾಂಡ ಎಳೆದುಕೊಂಡು ಎಲೆ ಮುದುಡುತ್ತದೆ. ನೂರಕ್ಕೆ 10–15 ಪಾಲು ನೀಲಿ ಸೇರಿದರೆ ಸರಿಹೋಗುತ್ತದೆ. ನೀಲಿ ಕಾಂಡವನ್ನು ಗಿಡ್ಡಗಿಡುತ್ತದೆ, ಎಲೆಯ ರಂಧ್ರಗಳನ್ನು ತೆರೆಯುತ್ತದೆ, ಗಿಡ ಬೆಳಕಿನ ಕಡೆ ವಾಲುವುದೂ ನೀಲಿಯನ್ನು ಹಿಡಿದೇ. ಆದರೆ ಗುಲಾಬಿ ದೀಪದ ಕೆಳಗೆ ಎಲೆ ಕಪ್ಪಗೆ ಕಾಣುತ್ತದೆ. ಚುಕ್ಕೆ ರೋಗ ಬಂದಿದೆಯೋ, ಕಬ್ಬಿಣದ ಕೊರತೆಯಿಂದ ಹಳದಿಯಾಗಿದೆಯೋ, ನುಸಿ ಹತ್ತಿದೆಯೋ, ಏನೂ ತಿಳಿಯದು. ಸಾಧಾರಣ ಬಿಳಿ ಎಲ್‌ಇಡಿಯಲ್ಲಿ ನೀಲಿ, ಹಸಿರು, ಕೆಂಪು ಮೂರೂ ಇವೆ, ದೂರಗೆಂಪು ತೀರ ಕಡಿಮೆ. ಅಗಿ ಗಿಡ್ಡಗೆ ಬರಲು ಇದಕ್ಕಿಂತ ಏನು ಬೇಕು? ತಂಪು ಬಿಳಿ, ಅಂದರೆ 6500 ಕೆಲ್ವಿನ್ ಎಂದು ಬರೆದ ಟ್ಯೂಬಿನಲ್ಲಿ ನೀಲಿ ಕಾಲು ಭಾಗಕ್ಕೂ ಮೇಲೆ ಇರುತ್ತದೆ.

ಒಂದು ಕಪಾಟು ಕಟ್ಟುವ ಲೆಕ್ಕ ಹೇಳುತ್ತೇವೆ. 4 ಅಡಿ ಉದ್ದ, 2 ಅಡಿ ಅಗಲದ ತಟ್ಟೆ. ಅದರಲ್ಲಿ 98 ಗುಳಿಯ ನಾಲ್ಕು ಟ್ರೇ ಕೂರುತ್ತವೆ. ಮೇಲೆ 4 ಅಡಿಯ 20 ವಾಟ್ ಟ್ಯೂಬ್ ಆರು, ಹತ್ತು ಸೆಂಟಿಮೀಟರ್‌ಗೆ ಒಂದರಂತೆ, ಸಸಿಯ ತುದಿಯಿಂದ 20–25 ಸೆಂಟಿಮೀಟರ್ ಎತ್ತರಕ್ಕೆ. ಪಕ್ಕಗಳಿಗೆ ಬಿಳಿ ಹಾಳೆ. ಸಸಿಯ ಮಟ್ಟದಲ್ಲಿ ಸುಮಾರು 11,000 ಲಕ್ಸ್ ಸಿಗಬೇಕು. ಬಿಳಿ ಎಲ್‌ಇಡಿಗೆ 70ರಿಂದ ಭಾಗಿಸಿ, ಹತ್ತಿರ 160 ಮೈಕ್ರೊಮೋಲ್. ದಿನಕ್ಕೆ 16 ಗಂಟೆ ಉರಿಸಿದರೆ 9 ಮೋಲ್. ತಟ್ಟೆಯ ಅಂಚಿನಲ್ಲಿ ಬೆಳಕು ಕಡಿಮೆ, ಹಾಗಾಗಿ ದಿನ ಬಿಟ್ಟು ದಿನ ಟ್ರೇ ತಿರುಗಿಸಿ. 120 ವಾಟ್ ಕೊನೆಗೆ ಪೂರ್ತಿ ಬಿಸಿಯಾಗಿಯೇ ಕೋಣೆಯಲ್ಲಿ ಉಳಿಯುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಮುಚ್ಚಿದ ಕೋಣೆಗೆ ಗಾಳಿ ಹೊರದೂಡುವ ಫ್ಯಾನ್ ಇಲ್ಲದಿದ್ದರೆ ಸಸಿ ಬೇಯುತ್ತದೆ.

ಖರ್ಚು? ದಿನಕ್ಕೆ 1.92 ಯೂನಿಟ್, 25 ದಿನಕ್ಕೆ 48 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ 384 ರೂಪಾಯಿ, ಸಸಿಗಳು 392. ಸಸಿಗೊಂದು ರೂಪಾಯಿ ಬರೀ ಕರೆಂಟಿಗೆ. ಹೊಲದ ಮೆಣಸಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ, ಮೇಲೆ ಪುಕ್ಕಟೆ ಸೂರ್ಯ ಇದ್ದಾನೆ. ಕಸಿ ಮಾಡಿದ ಸಸಿ, ದುಬಾರಿ ಬೀಜದ ದಪ್ಪ ಮೆಣಸಿನಕಾಯಿ, ಅಂಗಾಂಶ ಕೃಷಿಯ ಬಾಳೆ, ಇಂಥವಕ್ಕೆ ಮಾತ್ರ ಯೋಚಿಸಿ.

ಬಣ್ಣದ ಬೆಳಕು ನಿಜವಾಗಿಯೂ ದುಡ್ಡು ಹುಟ್ಟಿಸುವುದು ಹೂವಿನಲ್ಲಿ. ಬಳ್ಳಾರಿಯಲ್ಲಿ ವರ್ಷದ ಅತಿ ದೊಡ್ಡ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು 11 ಗಂಟೆ 13 ನಿಮಿಷ. ಸೇವಂತಿಗೆ ಹಗಲು ಹದಿಮೂರುವರೆ ಗಂಟೆಗಿಂತ ಚಿಕ್ಕದಿದ್ದರೆ ಮೊಗ್ಗಿಗೆ ಹೋಗುವ ಗಿಡ. ಅಂದರೆ ಇಲ್ಲಿ ವರ್ಷಪೂರ್ತಿ ಅದಕ್ಕೆ ಮೊಗ್ಗಿನ ಕಾಲ. ನೆಟ್ಟ ಕಡ್ಡಿ ಗೇಣುದ್ದ ಆಗುವ ಮೊದಲೇ ಮೊಗ್ಗು ಕಟ್ಟಿ, ದಂಟು ಗಿಡ್ಡವಾಗುವುದು ಇದರಿಂದ. ಗಿಡ ಅಳೆಯುವುದು ಹಗಲನ್ನಲ್ಲ, ಸತತ ಕತ್ತಲೆಯನ್ನು. ಆ ಕತ್ತಲೆಯನ್ನು ನಡುವೆ ಕತ್ತರಿಸಬೇಕು. ನೆಟ್ಟ ದಿನದಿಂದ ನಾಲ್ಕು ವಾರ, ರಾತ್ರಿ 10ರಿಂದ 2ರವರೆಗೆ ದೀಪ. 9 ವಾಟ್‌ನ ಬೆಚ್ಚಗಿನ ಬಿಳಿ ಎಲ್‌ಇಡಿ ಬಲ್ಬು, ಮಡಿಯಿಂದ ಒಂದೂವರೆ ಮೀಟರ್ ಮೇಲೆ, ಎರಡು ಮೀಟರ್‌ಗೆ ಒಂದು. 100 ಲಕ್ಸ್ ಸಾಕು, ಏಕೆಂದರೆ ಇದು ಊಟವಲ್ಲ, ಸುದ್ದಿ. ಬೆಚ್ಚಗಿನ ಬಿಳಿಯಲ್ಲಿ ಕೆಂಪು ಹೆಚ್ಚು, ಸ್ವಿಚ್ ಒತ್ತುವುದು ಕೆಂಪೇ. ಕರೆಂಟ್ ಹೊರೆ ತಗ್ಗಿಸಬೇಕಿದ್ದರೆ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಉರಿಸುವ ಟೈಮರ್ ಹಾಕಬಹುದು. ತಪ್ಪುವುದು ಎಲ್ಲೆಂದರೆ ಲೋಡ್‌ಶೆಡ್ಡಿಂಗ್‌ನಲ್ಲಿ. ಸಾಲಾಗಿ ಕೆಲವು ರಾತ್ರಿ ದೀಪ ಹೋದರೆ ತುದಿಯಲ್ಲಿ ಮೊಗ್ಗು ಕೂತುಬಿಡುತ್ತದೆ, ಆಮೇಲೆ ಎಷ್ಟು ದೀಪ ಹಾಕಿದರೂ ಅದು ಎಲೆಯಾಗುವುದಿಲ್ಲ. ಕರೆಂಟ್ ಹೋದಾಗ ನಿಂತುಹೋಗದ, ಒಳಗೆ ಬ್ಯಾಟರಿ ಇರುವ ಟೈಮರ್ ಕೊಳ್ಳಿ. ಡ್ರ್ಯಾಗನ್ ಹಣ್ಣಿನದು ಇದಕ್ಕೆ ವಿರುದ್ಧ: ಅದು ದೊಡ್ಡ ಹಗಲಿನ ಗಿಡ, ಚಳಿಗಾಲದಲ್ಲಿ ಇದೇ ರಾತ್ರಿ ದೀಪ ಅದಕ್ಕೆ ಹೂ ತರಿಸುತ್ತದೆ.

ಕಾಲೇಜು ಉಪನ್ಯಾಸಕರೊಬ್ಬರು ಬಣ್ಣದ ಜಿಲೇಟಿನ್ ಹಾಳೆ ಹೊದಿಸಿ ಮಕ್ಕಳಿಂದ ಪ್ರಯೋಗ ಮಾಡಿಸುವ ಬಗ್ಗೆ ಕೇಳಿದರು. ಅದರಲ್ಲಿ ಎರಡು ತೊಡಕು. ನೀಲಿ ಹಾಳೆಯೂ ಕೆಂಪು ಹಾಳೆಯೂ ದೂರಗೆಂಪನ್ನು ಒಳಗೆ ಬಿಡುತ್ತವೆ. ನೀಲಿ ಡಬ್ಬಿಯಲ್ಲಿ ಗಿಡ ಉದ್ದವಾದರೆ ಅದು ನೀಲಿಯ ಗುಣವಲ್ಲ. ಇನ್ನೊಂದು, ಹಾಳೆಯಿಂದ ಹಾಳೆಗೆ ಬೆಳಕಿನ ಪ್ರಮಾಣ ಬೇರೆ, ಅದನ್ನು ಲಕ್ಸ್‌ನಲ್ಲಿ ಸಮ ಮಾಡಲು ಬರುವುದಿಲ್ಲ. ಲಕ್ಸ್ ಮನುಷ್ಯನ ಕಣ್ಣಿನ ಅಳತೆ, ಹಸಿರನ್ನು ಹೆಚ್ಚು, ನೀಲಿ ಕೆಂಪನ್ನು ಕಡಿಮೆ ತೋರಿಸುತ್ತದೆ. ಹಾಳೆ ಬಿಟ್ಟು ಬಣ್ಣದ ಎಲ್‌ಇಡಿ ಪಟ್ಟಿ ಬಳಸಿ. ಒಂದು ಚಿಕ್ಕ ಸೋಲಾರ್ ಕೋಶವನ್ನು ಸಸಿಯ ಜಾಗದಲ್ಲಿಟ್ಟು ಮಲ್ಟಿಮೀಟರನ್ನು ಮಿಲಿ ಆಂಪಿಯರ್‌ಗೆ ಹಾಕಿ ನೇರ ಜೋಡಿಸಿ. ಎಲ್ಲ ಬಣ್ಣದ ಡಬ್ಬಿಯಲ್ಲೂ ಅಂಕಿ ಸಮ ಬರುವವರೆಗೆ ಪಟ್ಟಿಯ ಎತ್ತರ ಹೊಂದಿಸಿ. ನೀಲಿಯಲ್ಲಿ ಕೋಶ ತುಸು ಕಡಿಮೆ ತೋರಿಸುತ್ತದೆ, ಆದರೂ ಲಕ್ಸ್‌ಗಿಂತ ಎಷ್ಟೋ ವಾಸಿ. ಬಿಸಿಲಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಬಿಸಿಲಿನ ಕಾಣದ ಶಾಖಕಿರಣವನ್ನೂ ಕೋಶ ಎಣಿಸಿಬಿಡುತ್ತದೆ.

ಕೊನೆಯ ಪ್ರಶ್ನೆ ಸಿಂಧನೂರು ಕಡೆಯಿಂದ ಬಂದ ಹಿರಿಯ ರೈತರದು: ರಸ್ತೆಯ ದೊಡ್ಡ ದೀಪದ ಕೆಳಗಿನ ಹಿಂಗಾರಿ ಜೋಳ ಸೊಂಪಾಗಿ ಬೆಳೆದರೂ ಉಳಿದ ಹೊಲ ತೆನೆ ಬಿಚ್ಚಿದಾಗ ಅದು ಬಿಚ್ಚುವುದಿಲ್ಲ, ಏಕೆ? ಮಾಲ್ದಂಡಿಯಂಥ ಹಿಂಗಾರಿ ಜೋಳವೂ ಸೇವಂತಿಗೆಯ ಹಾಗೆಯೇ, ಉದ್ದ ಕತ್ತಲೆ ಸಿಕ್ಕರೆ ತೆನೆಗೆ ಹೋಗುತ್ತದೆ. ರಾತ್ರಿಯಿಡೀ ದೀಪ ಉರಿದರೆ ಕತ್ತಲೆಯ ಲೆಕ್ಕ ತಪ್ಪುತ್ತದೆ, ಎಲೆ ಹಾಕುತ್ತಲೇ ಹೋಗುತ್ತದೆ. ದೀಪ ತೆಗೆಸಬೇಕಿಲ್ಲ. ಅದರ ಹೊಲದ ಬದಿಗೆ ಒಂದು ತಗಡಿನ ಮರೆ ಹಾಕಿಕೊಡಲು ಪಂಚಾಯಿತಿಗೆ ಅರ್ಜಿ ಕೊಡಿ, ಬಿತ್ತನೆಗೆ ಮೊದಲೇ ಕೊಡಿ. ಅದು ಆಗದಿದ್ದರೆ ಬೆಳಕು ಬೀಳುವಷ್ಟು ಜಾಗದಲ್ಲಿ ಜೋಳದ ಬದಲು ದನಕ್ಕೆ ಹಸಿ ಮೇವು ಬಿತ್ತಿಕೊಳ್ಳಿ.